ಜೋಗದ ಒಂದೇ ಲೆಕ್ಕವನ್ನು ನಾಲ್ಕು ಪಾಠಕ್ಕೆ ತಿರುಗಿಸುವುದು ಹೇಗೆ

ಪಿಯುಸಿ ಫಿಸಿಕ್ಸ್ ಆಗಲಿ, ಎಂಜಿನಿಯರಿಂಗ್ ಮೊದಲ ವರ್ಷ ಆಗಲಿ, ಪಾಠದ ಕೊನೆಯ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸಿದರೂ ಪರೀಕ್ಷೆಯಲ್ಲಿ ಹೊಸ ಪ್ರಶ್ನೆ ಕಂಡರೆ ಕೈ ಓಡುವುದಿಲ್ಲ, ಅಲ್ವಾ? ಚಲನೆಯ ಪಾಠದ ಲೆಕ್ಕಕ್ಕೆ ಚಲನೆಯ ಫಾರ್ಮುಲಾ ಹಾಕಬೇಕು ಅಂತ ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಒಂದೇ ತರದ ಲೆಕ್ಕ ಇಪ್ಪತ್ತು ಮಾಡುವ ಬದಲು, ಒಂದು ಸನ್ನಿವೇಶ ಹಿಡಿದು ಬೇರೆ ಬೇರೆ ಪಾಠದ ಪ್ರಶ್ನೆ ಕೇಳಿ.

ಜೋಗ ಜಲಪಾತವನ್ನೇ ತೆಗೆದುಕೊಳ್ಳೋಣ. ಎತ್ತರ 253 ಮೀಟರ್. ಮೊದಲು ಚಿತ್ರ ಬರೆಯಿರಿ: ಒಂದು ಗೆರೆ, ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ, ಕೆಳಮುಖವಾಗಿ ಒಂದು ಬಾಣ. ಪಕ್ಕದಲ್ಲಿ ನೀವು ಒಪ್ಪಿಕೊಂಡಿದ್ದನ್ನು ಬರೆಯಿರಿ. ಆರಂಭದ ವೇಗ ಸೊನ್ನೆ, ಗಾಳಿಯ ತಡೆ ಇಲ್ಲ. ನೀರು ಕೆಳಗೆ ಬರಲು ಎಷ್ಟು ಹೊತ್ತು? ಲೆಕ್ಕಕ್ಕೆ ಮುಂಚೆ ಸುಮ್ನೆ ಒಂದು ಅಂದಾಜು ಹಾಕಿ.

253ರ ಎರಡರಷ್ಟನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಭಾಗಿಸಿದರೆ 51.6. ಅದರ ವರ್ಗಮೂಲ ಸುಮಾರು 7.2 ಸೆಕೆಂಡ್. ಎಂಜಿನಿಯರಿಂಗ್ ಸೇರಲು ಬರೆಯುವ ಕೆಸಿಇಟಿ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, 60 ಪ್ರಶ್ನೆಗೆ 80 ನಿಮಿಷ, ಹಾಗಾಗಿ ಏಳೇಳ್ಲಿ ನಲವತ್ತೊಂಬತ್ತು, ಅದಕ್ಕಿಂತ ಸ್ವಲ್ಪ ಜಾಸ್ತಿ ಅಂತ ಬಾಯಲ್ಲೇ ಹೇಳುವ ಅಭ್ಯಾಸ ಬರಬೇಕು. ಕೆಳಗೆ ಬಂದಾಗಿನ ವೇಗ ಸೆಕೆಂಡಿಗೆ 70 ಮೀಟರ್. ಈಗ ಅದೇ ವೇಗವನ್ನು ಶಕ್ತಿಯ ದಾರಿಯಲ್ಲಿ ತೆಗೆಯಿರಿ: ಸ್ಥಾನಶಕ್ತಿ ಪೂರ್ತಿ ಚಲನಶಕ್ತಿ ಆಯಿತು ಅನ್ನಿ. ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ, ಉತ್ತರ ಮತ್ತೆ 70. ಬೇರೆ ಬಂದರೆ ಎಲ್ಲೋ ವರ್ಗಮೂಲವೋ 2ನೋ ಬಿಟ್ಟಿದ್ದೀರಿ.

ಆದರೆ 70 ಅಂದರೆ ಗಂಟೆಗೆ ಸುಮಾರು 250 ಕಿಲೋಮೀಟರ್! ನಿಜವಾಗಿ ನೀರು ಅಷ್ಟು ವೇಗದಲ್ಲಿ ಬೀಳುವುದಿಲ್ಲ. ಅರ್ಧ ದಾರಿಯಲ್ಲೇ ಒಡೆದು ಹನಿಯಾಗುತ್ತದೆ, ಗಾಳಿ ತಡೆಯುತ್ತದೆ. ದಪ್ಪ ಮಳೆಹನಿಯೂ ಸೆಕೆಂಡಿಗೆ ಸುಮಾರು 9 ಮೀಟರ್ ವೇಗ ದಾಟುವುದಿಲ್ಲ. ಗಾಳಿಯ ತಡೆ ಇಲ್ಲ ಅಂತ ಬರೆದ ಆ ಒಂದು ಸಾಲು ಎಷ್ಟು ದೊಡ್ಡ ವಿಷಯ ಅಂತ ಇಲ್ಲಿ ಗೊತ್ತಾಗುತ್ತದೆ.

ಮುಂದಿನದು ಉಷ್ಣದ ಪಾಠ. ಬಿದ್ದ ಶಕ್ತಿಯೆಲ್ಲ ನೀರಲ್ಲೇ ಉಳಿದರೆ ಅದು ಎಷ್ಟು ಬಿಸಿಯಾಗುತ್ತದೆ? 9.8 ಗುಣಿಸು 253, ಭಾಗಿಸು 4,200. ಸುಮಾರು 0.6 ಡಿಗ್ರಿ. ನೀರಿನ ವಿಶಿಷ್ಟ ಉಷ್ಣವನ್ನು 4.2 ಕಿಲೋಜೂಲ್ ಅಂತ ಬಾಯಿಪಾಠ ಮಾಡಿದವರು ‘ಕಿಲೋ’ ಮರೆತರೆ 590 ಡಿಗ್ರಿ ಬರುತ್ತದೆ, ಜೋಗದ ಗುಂಡಿ ಪೂರ್ತಿ ಹಬೆ! ಉತ್ತರದ ಮುಖ ನೋಡದೆ ಮುಂದೆ ಹೋಗಬೇಡಿ ಅನ್ನುವುದು ಇದಕ್ಕೇ.

ಇನ್ನು ಪವರ್. ಅಷ್ಟೇ ಎತ್ತರದಿಂದ ಪೈಪಿನಲ್ಲಿ ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ 1,000 ಕೆಜಿ ನೀರು ಇಳಿದರೆ ಸುಮಾರು 2.5 ಮೆಗಾವಾಟ್. ದಕ್ಷತೆ 85% ಅಂದುಕೊಂಡರೆ 2.1. ಇದನ್ನು 10 ಓಮ್ ರೋಧದ ತಂತಿಯಲ್ಲಿ 11,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟ್ 191 ಆಂಪಿಯರ್, ತಂತಿಯಲ್ಲೇ 365 ಕಿಲೋವಾಟ್ ನಷ್ಟ. ವೋಲ್ಟೇಜನ್ನು ಹತ್ತು ಪಟ್ಟು ಮಾಡಿದರೆ ನಷ್ಟ ನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲಿ ಸರಳವಾಗಿರಲಿ ಅಂತ ಡಿಸಿ ಹಾಗೆ ಲೆಕ್ಕ ಹಾಕಿದ್ದೇನೆ. ಎಲೆಕ್ಟ್ರಿಕಲ್ ಓದುವವರು ಮೂರು ಫೇಸ್ ಇಟ್ಟು ಮತ್ತೊಮ್ಮೆ ಮಾಡಿ.

ಈಗ ನಿಮ್ಮ ಸರದಿ. ಮನೆಯ 1 ಎಚ್‌ಪಿ ಮೋಟಾರು, ಅಂದರೆ 746 ವಾಟ್, 10 ಮೀಟರ್ ಮೇಲಿನ ಟ್ಯಾಂಕಿಗೆ ನೀರು ಎತ್ತುತ್ತದೆ. ನಷ್ಟವೇ ಇಲ್ಲದಿದ್ದರೆ ಸೆಕೆಂಡಿಗೆ ಸುಮಾರು 7.6 ಲೀಟರ್ ಬರಬೇಕು. ಟ್ಯಾಂಕಿನ ಬಾಯಿಗೆ ಬಕೆಟ್ ಹಿಡಿದು ಅಳೆಯಿರಿ. ಅಷ್ಟು ಖಂಡಿತ ಬರುವುದಿಲ್ಲ. ಎಷ್ಟು ಕಮ್ಮಿ, ಆ ಶಕ್ತಿ ಎಲ್ಲೆಲ್ಲಿ ಹೋಯಿತು ಅಂತ ಬರೆಯಿರಿ.