ನಿಮ್ಮ ಹಳ್ಳಿಯ ಚರಿತ್ರೆ ಬರೆಯಬೇಕಾ? ಕೆರೆ ಏರಿಯಿಂದ ಶುರು ಮಾಡಿ

ಕೋಲಾರ, ಚಿಕ್ಕಬಳ್ಳಾಪುರ ಕಡೆ ಯಾರಾದರೂ ತಮ್ಮೂರಿನ ಬಗ್ಗೆ ಬರೆದರೆ ಮೊದಲ ಪುಟದಲ್ಲೇ ಗಂಗರು, ನೊಳಂಬರು, ಚೋಳರು, ವಿಜಯನಗರದವರು ಸಾಲಾಗಿ ಬಂದು ನಿಲ್ಲುತ್ತಾರೆ. ಆ ಪುಟ ಪಕ್ಕದೂರಿಗೂ ಹೊಂದುತ್ತದೆ, ಅದರಾಚೆ ಊರಿಗೂ ಹೊಂದುತ್ತದೆ. ಹಾಗಾದರೆ ನಿಮ್ಮೂರಿನದು ಅಂತ ಏನುಳಿಯಿತು? ರಾಜರು ಸ್ವಲ್ಪ ಕಾಯಲಿ. ಮೊದಲು ಕೆರೆ ಏರಿ ಮೇಲೆ ನಡೆಯಿರಿ.

ತೂಬಿನ ಹತ್ತಿರ, ಕೋಡಿಯ ಹತ್ತಿರ, ಹಾಳುಗುಡಿ ಹಿಂದೆ, ಹೊಲದ ಬದುವಿನಲ್ಲಿ ನಿಂತ ಕಲ್ಲುಗಳನ್ನೆಲ್ಲ ನೋಡಿ. ಕತ್ತಿಯೋ ಬಿಲ್ಲೋ ಹಿಡಿದವನಿದ್ದರೆ ವೀರಗಲ್ಲು. ಊರಿನ ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವರಿಗೆ ನಿಲ್ಲಿಸಿದ ಇಂಥ ಕಲ್ಲುಗಳು ಎಷ್ಟೋ ಇವೆ. ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು. ಮೇಲೆ ಸೂರ್ಯ ಚಂದ್ರ, ಕೆಳಗೆ ತುಂಬ ಅಕ್ಷರ ಇದ್ದರೆ ಬಹುಶಃ ದಾನಶಾಸನ. ನೀರು ಹಾಕಿ ಮೆತ್ತನೆ ಬ್ರಷ್‌ನಲ್ಲಿ ತೊಳೆಯಿರಿ, ತಂತಿ ಬ್ರಷ್ ಬೇಡ, ಪೇಂಟ್ ಅಂತೂ ಬೇಡವೇ ಬೇಡ. ಫೋಟೊ ಮಧ್ಯಾಹ್ನ ತೆಗೆದರೆ ಏನೂ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ, ಇಲ್ಲವಾದರೆ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಅಕ್ಷರ ಕನ್ನಡದ್ದಲ್ಲ ಅನ್ನಿಸಿತಾ? ಕೋಲಾರ, ಮುಳಬಾಗಿಲು ಸುತ್ತ ಚೋಳರ ಕಾಲದ ತಮಿಳು ಶಾಸನಗಳು ಬೇಕಾದಷ್ಟಿವೆ.

ಈಗ ಪುಸ್ತಕಕ್ಕೆ ಬನ್ನಿ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದು (1905), 12ನೆಯದು ತುಮಕೂರಿನದು (1904). ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಚಿಕ್ಕಬಳ್ಳಾಪುರದವರು ತಮ್ಮ ಜಿಲ್ಲೆಯ ಹೆಸರಲ್ಲಿ ಹುಡುಕಿ ಸುಸ್ತಾಗಬೇಡಿ, ಆ ಜಿಲ್ಲೆ ಆಗಿದ್ದೇ 2007ರಲ್ಲಿ, ನಿಮ್ಮ ಕಡೆಯ ಶಾಸನಗಳೂ ಕೋಲಾರದ ಸಂಪುಟದಲ್ಲೇ ಇವೆ. ತಾಲ್ಲೂಕುವಾರು ನಂಬರ್ ಇರುತ್ತದೆ. ಶಾಸನದಲ್ಲಿರುವ ಶಕ ವರ್ಷಕ್ಕೆ 78 ಕೂಡಿದರೆ ಇಸವಿ ಸಿಗುತ್ತದೆ. ಬರೀ ಸಂವತ್ಸರದ ಹೆಸರಿದ್ದರೆ ಹುಷಾರು, ಅದೇ ಹೆಸರು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ, ಜೊತೆಗೆ ಯಾವ ರಾಜನ ಹೆಸರಿದೆ ನೋಡಿ.

ಇನ್ನು ಜನ. ಇಲ್ಲೇ ಹೆಚ್ಚು ಹೊತ್ತು ಕಳೆಯಬೇಕು. "ತಾತಾ, ಊರಿನ ಇತಿಹಾಸ ಹೇಳಿ" ಅಂದರೆ ತಾತ ಶಾಲೆ ಮೇಷ್ಟ್ರು ಹೇಳಿದ್ದನ್ನೇ ತಿರುಗಿ ಹೇಳುತ್ತಾರೆ. "ಕೆರೆ ಕೋಡಿ ಹರಿದಾಗ ಏನ್ಮಾಡ್ತಿದ್ರಿ? ಬಾವಿಗೆ ಪಂಪ್‌ಸೆಟ್ಟು ಮೊದಲು ಹಾಕಿಸಿದ್ದು ಯಾರು?" ಅಂತ ಕೇಳಿ ನೋಡಿ, ಮಾತು ನಿಲ್ಲುವುದೇ ಇಲ್ಲ. ಹಳೇ ಪಟೇಲರ ಮನೆ, ಶಾನುಭೋಗರ ಮನೆ, ಗುಡಿ ಪೂಜಾರಿ, ಇಷ್ಟಕ್ಕೇ ಮುಗಿಸುವವರು ಜಾಸ್ತಿ. ಯಾವ ಗದ್ದೆಗೆ ಯಾವಾಗ ನೀರು ಅಂತ ಗೊತ್ತಿದ್ದದ್ದು ನೀರುಗಂಟಿಗೆ, ಅವರ ಮನೆಯವರನ್ನು ಬಿಟ್ಟು ಕೆರೆಯ ಕತೆ ಹೇಗೆ ಬರೆಯುತ್ತೀರಿ? ಸೋಬಾನೆ ಹಾಡುವ ಅಜ್ಜಿಯರನ್ನೂ ಕೇಳಿ. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಅಜ್ಜಿ ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ.

ಹಿರಿಯರು ಇಸವಿ ಹೇಳುವುದಿಲ್ಲ, "ಧಾತು ಬರದಾಗ", "ಪ್ಲೇಗು ಬಂದು ಊರು ಬಿಟ್ಟಾಗ" ಅನ್ನುತ್ತಾರೆ. ಧಾತು, ಈಶ್ವರ ಅನ್ನುವ ಎರಡು ಸಂವತ್ಸರಗಳ ಆ ಬರ 1876-78ರದು. ಪ್ಲೇಗು ಮೈಸೂರು ಸಂಸ್ಥಾನಕ್ಕೆ ಬಂದದ್ದು 1898ರಲ್ಲಿ, ಆಮೇಲೂ ಮತ್ತೆ ಮತ್ತೆ ಬಂತು. ಗೌರಿಬಿದನೂರು ಸುತ್ತಮುತ್ತ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದ ವಿದುರಾಶ್ವತ್ಥದ ಗೋಲಿಬಾರ್ (25 ಏಪ್ರಿಲ್ 1938) ಒಳ್ಳೆಯ ಗುರುತು, "ಅದಕ್ಕಿಂತ ಮುಂಚೆಯೋ ಆಮೇಲೋ" ಅಂದರೆ ಸಾಕು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ಗ್ರಾಮ ನಕಾಶೆ, ಹಳೇ ಇನಾಂ (ಸೇವೆಗೆಂದು ಬಿಟ್ಟ ಜಮೀನು) ದಾಖಲೆ ಕೇಳಿ. ತಿರುಗಾಟ ಇದೆ, ಊಟ ಕಟ್ಟಿಕೊಂಡು ಹೋಗಿ. ಊರಿನ ಚಾಕರಿ ಮಾಡುತ್ತಿದ್ದ ತೋಟಿಯ ಇನಾಂ, ದೇವಸ್ಥಾನದ ಇನಾಂ, ಕೆರೆ ನೋಡಿಕೊಂಡವರಿಗೆ ಬಿಟ್ಟ ಕೊಡಗಿ ಜಮೀನು, ಇವುಗಳಲ್ಲಿ ಊರು ಹೇಗೆ ನಡೆಯುತ್ತಿತ್ತು ಅಂತ ಗೊತ್ತಾಗುತ್ತದೆ. ಪಕ್ಕದಲ್ಲಿ ಬೇಚರಾಕ್ ಗ್ರಾಮ ಇದೆಯಾ ಅಂತಲೂ ನೋಡಿ. ಜನ ಇಲ್ಲದ, ಹೆಸರು ಮಾತ್ರ ಉಳಿದ ಆ ಊರಿನವರು ಈಗ ನಿಮ್ಮೂರಲ್ಲೇ ಇರಬಹುದು. ಊರಿನ ಹೆಸರು ಹೇಗೆ ಬಂತು ಅನ್ನುವ ಕತೆಗಳನ್ನು ಕತೆ ಅಂತಲೇ ಬರೆಯಿರಿ.

ಸಂಪುಟದಲ್ಲಿ ಇಲ್ಲದ ಶಾಸನ ಸಿಕ್ಕರೆ ಫೋಟೊ ಇಟ್ಟು ಪುರಾತತ್ವ ಇಲಾಖೆಗೆ ಬರೆಯಿರಿ. ಆದರೆ ಕಲ್ಲಿರುವ ಜಾಗದ ಲೊಕೇಶನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ನಿಧಿ ಆಸೆಗೆ ವೀರಗಲ್ಲನ್ನೂ ಕಿತ್ತು ಅಗೆಯುವವರಿದ್ದಾರೆ.