ಜಾನ್ಸನ್ ಕ್ರೀಕ್‌ನಲ್ಲಿ ನಾನು ಬೆಳಕು ಹರಿದ ತಕ್ಷಣ ಹೊರಡುವುದಿಲ್ಲ

ಅಮೆರಿಕದ ಐಡಹೋ ಬೆಟ್ಟಗಳ ಸ್ಟ್ರಿಪ್‌ಗಳಿಗೆ, ಅಂದರೆ ಸಣ್ಣ ವಿಮಾನ ಇಳಿಯುವ ಪಟ್ಟಿಗಳಿಗೆ, ಹಾರುವವರೆಲ್ಲ ಹೇಳುವುದು ಒಂದೇ ಮಾತು. ಬೆಳಕಾದ ಕೂಡಲೇ ಹೊರಟುಬಿಡು, ಗಾಳಿ ತಣ್ಣಗಿರುತ್ತದೆ, ಎಂಜಿನ್ ಚೆನ್ನಾಗಿ ಎಳೆಯುತ್ತದೆ. ನಾನು ಮಾತ್ರ ಜಾನ್ಸನ್ ಕ್ರೀಕ್‌ನಲ್ಲಿ ಒಂದೆರಡು ಗಂಟೆ ಕಾದು ಹೊರಡುತ್ತೇನೆ. ಹ್ಯಾಂಗರ್‌ನಲ್ಲಿ ಇದಕ್ಕೆ ಬೇಕಾದಷ್ಟು ಮಾತು ಕೇಳಿದ್ದೇನೆ. ಈಗ ಅದೇ ಜನರಲ್ಲಿ ಕೆಲವರು ನನ್ನ ಟೆಂಟ್ ಹತ್ತಿರ ಬಂದು "ಇನ್ನು ಹೊರಡಬಹುದಾ?" ಅಂತ ಕೇಳುತ್ತಾರೆ.

ಜಾಗ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹುಲ್ಲಿನ ರನ್‌ವೇ, ಸುಮಾರು 3400 ಅಡಿ ಉದ್ದ, ಎತ್ತರ 5000 ಅಡಿಯ ಹತ್ತಿರ. ಜಕ್ಕೂರಿನಲ್ಲಿ ಕಲಿತು ಬಂದ ನಮ್ಮವರಿಗೆ 3000 ಅಡಿ ರೂಢಿ, ಆದರೆ ಅಲ್ಲಿ ಎರಡೂ ಕಡೆ ಬೆಟ್ಟ ಇಲ್ಲವಲ್ಲ. ಇಲ್ಲಿ ಹೊಳೆ ಉತ್ತರಕ್ಕೆ, ಯೆಲ್ಲೋ ಪೈನ್ ಊರಿನ ಕಡೆಗೆ ಹರಿಯುತ್ತದೆ. ಸಾಮಾನ್ಯವಾಗಿ ಇಳಿಯುವುದು ರನ್‌ವೇ 17ರಲ್ಲಿ, ಅಂದರೆ ದಕ್ಷಿಣಕ್ಕೆ ಮುಖ ಮಾಡಿ, ಏರುವುದು 35ರಲ್ಲಿ, ಉತ್ತರಕ್ಕೆ. ಹೊಳೆಯ ಜೊತೆ ಹೋದರೆ ನೆಲ ತಗ್ಗುತ್ತಾ ಹೋಗುತ್ತದೆ. ಎದುರು ದಿಕ್ಕಿಗೆ ಹೋದರೆ ನೆಲವೂ ನಮ್ಮ ಜೊತೆಗೇ ಏರುತ್ತದೆ, ಅದು ಯಾರಿಗೂ ಬೇಡ.

ತೊಂದರೆ ಏನೆಂದರೆ, ರಾತ್ರಿ ಇಳಿಜಾರುಗಳಲ್ಲಿ ತಣ್ಣಗಾದ ಗಾಳಿಯೂ ಭಾರವಾಗಿ ಹೊಳೆಯ ಜೊತೆಗೇ ಕೆಳಗೆ ಹರಿಯುತ್ತದೆ. ಅಂದರೆ ಬೆಳಿಗ್ಗೆ 35ರಲ್ಲಿ ಏರುವವರಿಗೆ ಟೇಲ್‌ವಿಂಡ್, ಬೆನ್ನ ಹಿಂದಿನ ಗಾಳಿ. ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಜೋತುಬಿದ್ದಿರುತ್ತದೆ, ಹುಲ್ಲು ಅಲ್ಲಾಡುವುದಿಲ್ಲ, ಎಲ್ಲ ಸರಿ ಅಂತ ಕಾಣುತ್ತದೆ. ಮರದ ತುದಿಯ ಎತ್ತರ ದಾಟಿದ ಕೂಡಲೇ ಏರ್‌ಸ್ಪೀಡ್ (ಸುತ್ತಲಿನ ಗಾಳಿಗೆ ಹೋಲಿಸಿದ ವೇಗ) ಐದಾರು ನಾಟ್ ಬಿದ್ದುಹೋಗುತ್ತದೆ. ವಿಮಾನದ ಮೂಗು ಇಳಿಸಿದರೆ ಮುಂದೆ ಮರ, ಎತ್ತಿದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲವನ್ನೇ ಕಳೆದುಕೊಳ್ಳುತ್ತದೆ. ಸೆಸ್ನಾ ಕೈಪಿಡಿಯಲ್ಲೇ ಇದೆ: ಪ್ರತಿ 2 ನಾಟ್ ಟೇಲ್‌ವಿಂಡ್‌ಗೆ ಟೇಕಾಫ್ ದೂರ ಶೇಕಡಾ 10 ಜಾಸ್ತಿ. ಹೆಡ್‌ವಿಂಡ್‌ನಿಂದ (ಎದುರುಗಾಳಿಯಿಂದ) ಅಷ್ಟೇ ಉಳಿತಾಯ ಬೇಕಾದರೆ 9 ನಾಟ್ ಬೇಕು.

ಹಾಗಾಗಿ ಮರದ ಮಟ್ಟದ ಗಾಳಿ ಅಳೆಯಬೇಕಿತ್ತು. ಮೊದಲು ವೈರ್‌ಲೆಸ್ ಗಾಳಿಮಾಪಕ ತಂದೆ, 200 ಡಾಲರ್ ಇರಬೇಕು. ಪೈನ್ ಮರಗಳ ನಡುವೆ ಸಿಗ್ನಲ್ಲೇ ಬರಲಿಲ್ಲ. ಸಿಗ್ನಲ್ ಬಂದ ದಿನ ನೋಡಿದರೆ, ಬೆಳಗಿನ ಸಣ್ಣ ಗಾಳಿಗೆ ಅದರ ಬಟ್ಟಲುಗಳು ತಿರುಗುತ್ತಲೇ ಇರಲಿಲ್ಲ. ಆಮೇಲೆ ಅದಕ್ಕಿಂತ ದುಬಾರಿಯ ಇನ್ನೊಂದು ತಂದೆ. ಅದು ರಾತ್ರಿಯ ಇಬ್ಬನಿಗೆ ಕೆಟ್ಟಿತು, ಕಂಪನಿ ದುಡ್ಡು ವಾಪಸ್ ಕೊಡಲಿಲ್ಲ. ಹೊಗೆ ಬಿಟ್ಟು ನೋಡೋಣ ಅಂದರೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ, ಆ ಯೋಚನೆಯನ್ನೇ ಬಿಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಸರ್ವೆಯವರು ಕಟ್ಟುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ, ಸುರುಳಿಗೆ ಮೂರು ಡಾಲರ್. ಮಡಚುವ ಫೈಬರ್ ಕೋಲಿನ ತುದಿಗೆ ಕಟ್ಟಿ ಮರಗಳ ಅಂಚಿನಲ್ಲಿ, ರನ್‌ವೇಯಿಂದ ದೂರ, 30 ಅಡಿ ಎತ್ತರಕ್ಕೆ ನಿಲ್ಲಿಸುತ್ತೇನೆ. ಇನ್ನೊಂದು ಪಟ್ಟಿ ಹೊಳೆಯ ಪಕ್ಕದ ಪೊದೆಗೆ. ಎರಡನ್ನೂ ಹೋಗುವ ಮುಂಚೆ ಬಿಚ್ಚಿಕೊಳ್ಳುತ್ತೇನೆ. ಮೇಲಿನ ಪಟ್ಟಿ ಹೊಳೆಯ ದಿಕ್ಕಿಗೆ ಚಾಚಿಕೊಂಡಿದ್ದರೆ ಕಾಫಿ ಕುಡಿಯುತ್ತಾ ಕೂರುವುದು. ಬಿಸಿಲು ಇಳಿಜಾರಿಗೆ ಬಿದ್ದ ಮೇಲೆ ಅದು ನಿಧಾನಕ್ಕೆ ಜೋಲುತ್ತದೆ. ಆಮೇಲೆ ಸ್ವಲ್ಪ ಹೊತ್ತು ಎರಡೂ ಸುಮ್ಮನಿರುತ್ತವೆ. ಅದೇ ನನ್ನ ಹೊತ್ತು. ಎಂಟೂವರೆ, ಒಂಬತ್ತರ ಆಸುಪಾಸು, ಕೆಲವು ದಿನ ಬರೀ ಇಪ್ಪತ್ತು ನಿಮಿಷ. ಯಾವ ಇಳಿಜಾರು ನೋಡಿ ಮುಂಚೆಯೇ ಎಂಜಿನ್ ಬಿಸಿ ಮಾಡಲು ಶುರು ಮಾಡುತ್ತೇನೆ ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ.

ಹ್ಯಾಂಗರ್‌ನವರ ಆಕ್ಷೇಪ ಇದ್ದದ್ದು ಬಿಸಿಲಿನ ಬಗ್ಗೆ. ನ್ಯಾಯವೇ. ಕಾಯುವಷ್ಟರಲ್ಲಿ 10 ಡಿಗ್ರಿ ಏರುತ್ತದೆ, ಡಿಗ್ರಿಗೆ 120 ಅಡಿಯಂತೆ ಡೆನ್ಸಿಟಿ ಆಲ್ಟಿಟ್ಯೂಡ್ (ತೆಳುವಾದ ಗಾಳಿಯಿಂದ ವಿಮಾನಕ್ಕೆ ಅನ್ನಿಸುವ ಎತ್ತರ) 1200 ಅಡಿ ಹೆಚ್ಚುತ್ತದೆ. ಆದರೂ ನನ್ನ ಸೆಸ್ನಾ 182 ವಿಮಾನದಲ್ಲಿ, ಇಬ್ಬರು, ಅರ್ಧ ಟ್ಯಾಂಕ್, ಚಕ್ರ ನೆಲ ಬಿಡುವ ಜಾಗ 1400 ಅಡಿಯ ಸುತ್ತ ಇದ್ದದ್ದು 1250ಕ್ಕೆ ಬಂತು. ಅಂಚಿನ ಗುರುತುಗಳನ್ನು ನೋಡಿ ಎಣಿಸಿದ್ದು, ಐವತ್ತು ಅಡಿ ಆಚೀಚೆ ಇರಬಹುದು. ನನಗೆ ಈ 150 ಅಡಿಗಿಂತ ಮುಖ್ಯವಾದದ್ದು ಮರದ ಮೇಲೆ ಏರ್‌ಸ್ಪೀಡ್ ಬೀಳದೇ ಇರುವುದು. ಹೊಳೆಯ ತಿರುವಿಗೆ ಬರುವಾಗ ಮೊದಲಿಗಿಂತ ಇನ್ನೂರು ಅಡಿಯಾದರೂ ಮೇಲಿರುತ್ತೇನೆ.

ಮಧ್ಯೆ ಮಕ್ಕಳ ಸೋಪುಗುಳ್ಳೆ ಬಿಟ್ಟೂ ನೋಡಿದೆ. ತುಂಬಾ ಚೆನ್ನಾಗಿತ್ತು! ಗುಳ್ಳೆಗಳು ತಲೆ ಎತ್ತರದಲ್ಲಿ ಹೊಳೆಯ ಹರಿವಿಗೆ ಎದುರಾಗಿ ಹೋಗಿ, ಸ್ವಲ್ಪ ಏರಿದ ಮೇಲೆ ಹಾಗೇ ವಾಪಸ್ ಹೊಳೆ ಹರಿಯುವ ಕಡೆಗೆ ಬಂದವು. ಒಂದೇ ಜಾಗದಲ್ಲಿ ಎರಡು ಗಾಳಿ, ಕಣ್ಣಾರೆ ನೋಡಿದೆ. ಆದರೆ ಅಲ್ಲಿನ ಒಣ ಹವೆಗೆ ಬೇಗ ಒಡೆಯುತ್ತವೆ. ಗ್ಲಿಸರಿನ್ ಹಾಕಿದರೆ ಸ್ವಲ್ಪ ಜಾಸ್ತಿ ತಡೆಯುತ್ತವೆ, ಅಳತೆ ಇನ್ನೂ ಹುಡುಕುತ್ತಿದ್ದೇನೆ.

ಒಟ್ಟು ಖರ್ಚಿನಲ್ಲಿ ಗಾಳಿಮಾಪಕಗಳು 600 ಡಾಲರ್ ನುಂಗಿದವು, ಕೋಲು 60. ಉಳಿದದ್ದೆಲ್ಲ ಪೆಟ್ರೋಲ್. ಗಂಟೆಗೆ 12-13 ಗ್ಯಾಲನ್ ಕುಡಿಯುವ ವಿಮಾನ ಇಟ್ಟುಕೊಂಡು ಪ್ರಯೋಗ ಮಾಡಿದರೆ ಜೇಬು ಏನಾಗುತ್ತದೆ ಅಂತ ನಿಮಗೇ ಗೊತ್ತು.

ಇದು ನಡೆಯುವುದು ಮೇಲಿನ ಗಾಳಿ ಸುಮ್ಮನಿದ್ದ ದಿನ ಮಾತ್ರ. 9000 ಅಡಿ ಎತ್ತರದ ಗಾಳಿಯ ಮುನ್ಸೂಚನೆ 20 ನಾಟ್ ದಾಟಿದ್ದರೆ ನಾನು ಕೋಲನ್ನು ನಿಲ್ಲಿಸುವುದೇ ಇಲ್ಲ. ಅಂಥ ದಿನ ರಾತ್ರಿಯ ತಣ್ಣನೆ ಗಾಳಿಯ ಪದರ ಒಡೆದ ಕೂಡಲೇ ಮೇಲಿನ ಗಾಳಿ ನೇರವಾಗಿ ಕಣಿವೆಗೆ ಇಳಿಯುತ್ತದೆ, ಬೆಟ್ಟದ ಮರೆಯಲ್ಲಿ ರೋಟರ್ (ಗಿರಕಿ ಹೊಡೆಯುವ ಗಾಳಿ) ಎದ್ದು ರೆಕ್ಕೆಯನ್ನೇ ಮಗುಚುತ್ತದೆ. ನಡುವಿನ ಆ ಶಾಂತ ಹೊತ್ತು ಸಿಗುವುದೇ ಇಲ್ಲ. ಟೆಂಟ್ ಅಲ್ಲೇ ಬಿಟ್ಟು ಮರುದಿನ ನೋಡುತ್ತೇನೆ. ಮುಂದಿನ ಬೇಸಿಗೆಗೆ ಬಿಗ್ ಕ್ರೀಕ್ ಎಂಬ ಇನ್ನೊಂದು ಸ್ಟ್ರಿಪ್‌ಗೆ ಇದೇ ಕೋಲು ತೆಗೆದುಕೊಂಡು ಹೋಗುತ್ತಿದ್ದೇನೆ. ಅದು ಇನ್ನೂ 800 ಅಡಿ ಎತ್ತರದಲ್ಲಿದೆ, ಅಲ್ಲಿಯ ಹೊತ್ತು ಬೇರೆಯೇ ಇರುತ್ತದೆ.