ಖಾಲಿ ಗೋಡೆ ಇಟ್ಟು ಫಿನ್‌ಟೆಕ್ ಕೂಟ ನಡೆಸಿದೆ

ಫಿನ್‌ಟೆಕ್, ಅಂದರೆ ತಂತ್ರಜ್ಞಾನದ ಮೂಲಕ ಹಣದ ವ್ಯವಹಾರ ನಡೆಸುವ ಕ್ಷೇತ್ರ. ಅಲ್ಲಿ ಕೆಲಸ ಮಾಡುವವರನ್ನು ಒಂದು ಕಡೆ ಸೇರಿಸಬೇಕು ಅಂತ ಮೊದಲ ಸಲ ಹೊರಟಾಗ ಎಲ್ಲರೂ ಮಾಡುವ ಹಾಗೇ ಮಾಡಿದೆ. ಆರು ಭಾಷಣ, ಒಂದು ವೇದಿಕೆ, ಸಾಲಾಗಿ ಕುರ್ಚಿ. ಬಂದವರು ಮರ್ಯಾದೆಗೆ ಕೂತು ಕೇಳಿದರು. ಎಲ್ಲ ಮುಗಿದು ನಾನು ಪ್ರೊಜೆಕ್ಟರ್ ವೈರ್ ಸುತ್ತುತ್ತಿದ್ದೆ. ಬಾಗಿಲ ಹತ್ತಿರ ಇಬ್ಬರು ನಿಂತು ಮಾತಾಡುತ್ತಿದ್ದರು. ಒಬ್ಬರು ಬ್ಯಾಂಕಿನ ಕಡೆಯವರು, ಇನ್ನೊಬ್ಬರು ಅಂಗಡಿ ಮತ್ತು ಬ್ಯಾಂಕಿನ ನಡುವೆ ಪಾವತಿ ಸಾಗಿಸುವ ಪೇಮೆಂಟ್ ಗೇಟ್‌ವೇ ಕಡೆಯವರು. ತಾಳೆಯಾಗದ ಸೆಟಲ್‌ಮೆಂಟ್ ಫೈಲಿನ, ಅಂದರೆ ಯಾರಿಗೆ ಎಷ್ಟು ದುಡ್ಡು ಸಲ್ಲಬೇಕು ಅನ್ನುವ ಪಟ್ಟಿಯ ವಿಷಯ. ಇಡೀ ದಿನ ಸಿಗದ ಕೆಲಸದ ಮಾತು ಆ ಕಾಲು ಗಂಟೆಯಲ್ಲಿ ಸಿಕ್ಕಿತು.

ಹುಡುಕಿ ನೋಡಿದರೆ ಇದು ಹಳೆಯ ಅನುಭವವೇ. ಹ್ಯಾರಿಸನ್ ಓವನ್ ಅನ್ನುವವರು ದೊಡ್ಡ ಸಮ್ಮೇಳನವೊಂದನ್ನು ನಡೆಸಿದಾಗ, ಬಂದವರಿಗೆ ಹೆಚ್ಚು ಹಿಡಿಸಿದ್ದು ನಡುವಿನ ಬಿಡುವಿನ ಹೊತ್ತು ಅಂತ ಗೊತ್ತಾಯಿತಂತೆ. 1985ರಲ್ಲಿ ಅವರು ಬರೀ ಬಿಡುವಿನ ಹಾಗೇ ನಡೆಯುವ ಸಭೆ ಮಾಡಿದರು. ಅದಕ್ಕೆ ಓಪನ್ ಸ್ಪೇಸ್ ಅಂತ ಹೆಸರು. 2005ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ, ತಂತ್ರಜ್ಞಾನದವರು ಇದೇ ಥರ ಸೇರುವ ಬಾರ್‌ಕ್ಯಾಂಪ್ ಮೊದಲ ಸಲ ನಡೆಯಿತು. ಮರುವರ್ಷವೇ ಪ್ಯಾರಿಸ್‌ನಲ್ಲಿ ಬ್ಯಾಂಕ್ ಕೆಲಸದವರಿಗಾಗಿ ಬಾರ್‌ಕ್ಯಾಂಪ್‌ಬ್ಯಾಂಕ್ ಶುರುವಾಯಿತು. ಎಲ್ಲದರ ತಿರುಳೂ ಒಂದೇ: ಏನು ಮಾತಾಡಬೇಕು ಅನ್ನುವುದನ್ನು ಬಂದವರೇ ಆ ಬೆಳಿಗ್ಗೆ ತೀರ್ಮಾನಿಸುತ್ತಾರೆ.

ಎರಡನೇ ಸಲ ನಾನೂ ಹಾಗೇ ಮಾಡಿದೆ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಗೆರೆ ಎಳೆದೆ. ಮೂರು ಕೋಣೆ, ನಾಲ್ಕು ಹೊತ್ತು, ಒಟ್ಟು 12 ಖಾಲಿ ಮನೆ. ಪಕ್ಕದಲ್ಲಿ ಚೀಟಿ, ಮಾರ್ಕರ್. ಬಂದವರು ಸುಮಾರು 40 ಜನ. "ಯಾರಿಗೆ ಏನು ಕೇಳಬೇಕಿದೆಯೋ ಬರೆದು ಅಂಟಿಸಿ" ಅಂದೆ. ಯಾರೂ ಏಳಲಿಲ್ಲ. ಆ ಮೌನ ತಡೆಯುವುದು ತುಂಬಾ ಕಷ್ಟ. ನಾನೇ ಒಂದು ವಿಷಯ ಹಾಕಿಬಿಡೋಣ ಅಂತ ಕೈ ಚೀಟಿಯವರೆಗೂ ಹೋಗಿತ್ತು. ಹಾಕಲಿಲ್ಲ. ಹಾಕಿದ್ದರೆ ಅದು ಮತ್ತೆ ನನ್ನ ಕಾರ್ಯಕ್ರಮ ಆಗಿಬಿಡುತ್ತಿತ್ತು, ಅಲ್ವಾ?

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದರು. ಲೆಕ್ಕ ತಾಳೆ ನೋಡುವ ವಿಭಾಗದವರು. ಚೀಟಿಯಲ್ಲಿ ಬರೆದದ್ದು ಇಷ್ಟೇ: "ಟೈಮ್‌ಔಟ್ ಆದಾಗ ದುಡ್ಡು ಎಲ್ಲಿರುತ್ತೆ?" ಟೈಮ್‌ಔಟ್ ಅಂದರೆ ಕಾಯುವ ಹೊತ್ತು ಮುಗಿದರೂ ಉತ್ತರ ಬಾರದೆ ಇರುವುದು. ಆಮೇಲೆ ಕಾಲು ಗಂಟೆಯೊಳಗೆ ಒಂಬತ್ತು ಚೀಟಿ ಬಿದ್ದವು.

ಆ ಮೊದಲ ಚೀಟಿಯ ಕೋಣೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಅವರು ಬೋರ್ಡಿನ ಮೇಲೆ ನಾಲ್ಕು ಡಬ್ಬಿ ಬರೆದರು: ಅಂಗಡಿಯ ಮೆಷೀನು, ಅಂಗಡಿಯವನ ಬ್ಯಾಂಕು, ಕಾರ್ಡ್ ನೆಟ್‌ವರ್ಕ್, ಕಾರ್ಡ್ ಕೊಟ್ಟ ಬ್ಯಾಂಕು. ಮೆಷೀನು ದುಡ್ಡು ಕೇಳಿ 0200 ಅನ್ನುವ ಸಂಕೇತದ ಸಂದೇಶ ಕಳಿಸುತ್ತದೆ. ಉತ್ತರ ಬರುವುದಿಲ್ಲ. ಕಾದು ಸಾಕಾಗಿ, ರದ್ದು ಮಾಡಿ ಅಂತ 0420 ಹೋಗುತ್ತದೆ. "ಇಲ್ಲಿವರೆಗೂ ಸರಿ. ಆದರೂ ಕೆಲವು ಗ್ರಾಹಕರ ದುಡ್ಡು ಯಾಕೆ ಹೋಗುತ್ತೆ?" ಅಂತ ಕೇಳಿದರು.

ಮೂಲೆಯಲ್ಲಿ ಕೂತಿದ್ದ ಬೇರೆ ಸಂಸ್ಥೆಯ ಎಂಜಿನಿಯರ್ ಎದ್ದು ಮಾರ್ಕರ್ ತಗೊಂಡರು. ಮೊದಲ ಸಂದೇಶ ದಾರಿಯಲ್ಲಿ ಎಲ್ಲೋ ತಡವಾಗಿ, ರದ್ದತಿಯೇ ಮೊದಲು ತಲುಪಿದರೆ? ಆ ಕಡೆಯ ಸಿಸ್ಟಮ್ "ಇಂಥ ವಹಿವಾಟೇ ಇಲ್ಲ" ಅಂತ ರದ್ದತಿಯನ್ನು ಬಿಸಾಕುತ್ತದೆ. ಆಮೇಲೆ ಮೂಲ ಸಂದೇಶ ಬರುತ್ತದೆ, ದುಡ್ಡು ಕಡಿತವಾಗುತ್ತದೆ. "ನಮ್ಮಲ್ಲೂ ಹೀಗೇ ಆಗಿತ್ತು. ಜೋಡಿ ಸಿಗದ ರದ್ದತಿಯನ್ನು ಬಿಸಾಕದೆ ಇಟ್ಟುಕೊಂಡು, ಮೂಲ ಸಂದೇಶ ಬಂದ ಕೂಡಲೇ ಬೇಡ ಅನ್ನಬೇಕು" ಅಂದರು. ಇನ್ನೊಬ್ಬರು ಕಾಯುವ ಹೊತ್ತಿನ ವಿಷಯ ಎತ್ತಿದರು. ಹೊರಗಿನ ಪದರ ಒಳಗಿನದಕ್ಕಿಂತ ಜಾಸ್ತಿ ಹೊತ್ತು ಕಾಯಬೇಕು. ಮೆಷೀನು 20 ಸೆಕೆಂಡಿಗೇ ಕೈಬಿಟ್ಟು, ಒಳಗಿನ ಸರ್ವರ್ 30 ಸೆಕೆಂಡ್ ಕಾಯುತ್ತಿದ್ದರೆ ಗೋಜಲು ಆಗದೆ ಇರುವುದಿಲ್ಲ. ಕೋಣೆಯಲ್ಲಿದ್ದ ಎಲ್ಲರೂ ಬರೆದುಕೊಂಡರು.

"ನಮ್ಮಲ್ಲೂ ಹೀಗೇ ಆಗಿತ್ತು" ಅನ್ನುವ ಮಾತು ವೇದಿಕೆ ಮೇಲೆ ನಿಂತವರ ಬಾಯಲ್ಲಿ ಬರುವುದಿಲ್ಲ. ಹಣದ ಕೆಲಸದಲ್ಲಿ ತಪ್ಪು ಒಪ್ಪಿಕೊಳ್ಳುವುದು ಅಂದರೆ ಸಂಸ್ಥೆಯ ಹೆಸರಿನ ಪ್ರಶ್ನೆ. ಅದಕ್ಕೇ ಬಾಗಿಲಲ್ಲೇ ಚಾಟಮ್ ಹೌಸ್ ನಿಯಮ ಹೇಳುತ್ತೇನೆ. ಲಂಡನ್ನಿನ ಚಾಟಮ್ ಹೌಸ್ ಅನ್ನುವ ಸಂಸ್ಥೆಯಲ್ಲಿ ಹುಟ್ಟಿ, 1927ರಿಂದ ಇರುವ ನಿಯಮ ಇದು. ಇಲ್ಲಿ ಕೇಳಿದ್ದನ್ನು ಬಳಸಿಕೊಳ್ಳಿ, ಹೇಳಿದವರು ಯಾರು, ಯಾವ ಸಂಸ್ಥೆಯವರು ಅನ್ನುವುದನ್ನು ಮಾತ್ರ ಹೊರಗೆ ಹೇಳಬೇಡಿ. ಬ್ಯಾಡ್ಜಿನ ಮೇಲೆ ಹೆಸರಷ್ಟೇ, ಕಂಪನಿ ಇಲ್ಲ. ಟಿಪ್ಪಣಿ ಬರೆಯುವವರೂ ಹೆಸರು ಬರೆಯುವುದಿಲ್ಲ.

ಜೊತೆಗೆ ಮೂರು ವಿಷಯಕ್ಕೆ ಪೂರ್ತಿ ತಡೆ. ಗ್ರಾಹಕರ ಮಾಹಿತಿ ಬೋರ್ಡಿಗೆ ಬರಬಾರದು. ಇನ್ನೂ ಸರಿಮಾಡದ ಭದ್ರತಾ ಲೋಪದ ವಿವರ ಬೇಡ. ಮೂರನೆಯದು ಶುಲ್ಕ, ದರ. ಪೈಪೋಟಿಯಲ್ಲಿರುವ ಕಂಪನಿಯವರು ಒಟ್ಟಿಗೆ ಕೂತು ದರದ ಮಾತಾಡಿದರೆ ಸ್ಪರ್ಧಾ ಕಾನೂನಿನ ತೊಂದರೆಗೆ ಸಿಕ್ಕಿಕೊಳ್ಳಬಹುದು. ಸುಮ್ನೆ ಮಾತಾಡಿದ್ವಿ ಅಂದರೆ ಆಗ ಯಾರೂ ಕೇಳುವುದಿಲ್ಲ. ಇದನ್ನು ನಾನು ಪ್ರತಿ ಸಲವೂ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಆ ದಿನ ಒಂದು ತಪ್ಪೂ ಆಯಿತು. ಒಬ್ಬರು "ವಂಚನೆ ಪತ್ತೆ" ಅಂತ ಚೀಟಿ ಹಾಕಿ, ಒಳಗೆ ತಮ್ಮ ಸಾಫ್ಟ್‌ವೇರ್ ಮಾರಲು ಕೂತರು. 12 ಜನ ಸಂಕೋಚಕ್ಕೆ ಪೂರ್ತಿ ಕೇಳಿದರು. ಓವನ್ ಅವರ ಎರಡು ಕಾಲಿನ ನಿಯಮವನ್ನು ನಾನು ಹೇಳಿದ್ದೆ: ನೀವು ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಅನ್ನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ. ಆದರೆ ಹೇಳಿದರೆ ಸಾಲದು. ನಮ್ಮ ಜನ ಮಾತಾಡುವವರ ಎದುರು ಎದ್ದು ಹೋಗುವುದಿಲ್ಲ. ಈಗ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮೊದಲು ಎದ್ದು ಹೋಗುವುದು ನಾನೇ. ಚೀಟಿಯನ್ನೂ ಪ್ರಶ್ನೆಯ ರೂಪದಲ್ಲೇ ಬರೆಯಬೇಕು ಅಂತ ಮಾಡಿದ್ದೇನೆ. ಉತ್ತರ ಗೊತ್ತಿಲ್ಲದ ಪ್ರಶ್ನೆ. ಮಾರಲು ಬಂದವರಿಗೆ ಅಂಥ ಪ್ರಶ್ನೆ ಬರೆಯುವುದು ಕಷ್ಟ.

ಒಂದೇ ಕಂಪನಿಯ ಮೇಲಧಿಕಾರಿ ಮತ್ತು ಕೈಕೆಳಗಿನವರು ಬಂದರೆ, ಬೇರೆ ಬೇರೆ ಕೋಣೆಗೆ ಹೋಗಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಇಲ್ಲದಿದ್ದರೆ ಚಿಕ್ಕವರು ಬಾಯೇ ಬಿಡುವುದಿಲ್ಲ. ಜಾಗ ಕೊಟ್ಟ ಸಂಸ್ಥೆಗೆ ಧನ್ಯವಾದ ಹೇಳುತ್ತೇನೆ, ಭಾಷಣಕ್ಕೆ ಅವಕಾಶ ಕೊಡುವುದಿಲ್ಲ.

ಮುಂದಿನ ಕೂಟಕ್ಕೆ ಆ ಹೆಣ್ಣುಮಗಳು ಮತ್ತೆ ಬಂದರು. ನಾನು ಗೆರೆ ಎಳೆದು ಮುಗಿಸುವ ಮೊದಲೇ ಅವರ ಚೀಟಿ ರೆಡಿ ಇತ್ತು: "ಜೋಡಿ ಸಿಗದ ರದ್ದತಿಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?"